ಬಾಯಿಪಾಠದ ಏಳು ಸಾಲು

ಯಶವಂತಪುರ
9-7-1978

ಪುಟ್ಟಿಯ ಅಪ್ಪನಿಗೆ ಪಂಕಜಾಳ ನಮಸ್ಕಾರ.

ನಿಮ್ಮ ಕಾಗದ ಗುರುವಾರ ಬಂತು. ಇಡೀ ಇನ್‌ಲ್ಯಾಂಡಿನಲ್ಲಿ ಎಣಿಸಿ ಹನ್ನೊಂದು ಸಾಲು. ಒಂದೊಂದು ಅಕ್ಷರವೂ ಸ್ಟೇಷನ್ನಿನ ಬೋರ್ಡಿನಷ್ಟು ದಪ್ಪ. ಅರಸೀಕೆರೆಗೆ ವರ್ಗವಾಗಿ ಆರು ತಿಂಗಳಾಯಿತು. ಹೆಂಡತಿಗೆ ಬರೆಯಲು ವಿಷಯವೇ ಇಲ್ಲದವರು ಹೀಗೆ ಅಕ್ಷರ ಉಬ್ಬಿಸಿ ಕಾಗದ ತುಂಬಿಸುತ್ತಾರೆ ಎಂದು ನನಗೆ ಈಗ ತಿಳಿಯಿತು. ನಿಮ್ಮ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಮುನಿಯಣ್ಣನವರಿಗೆ ಹೇಳಿ ಬರೆಸಿದ್ದರೆ ಇನ್ನೆರಡು ಸಮಾಚಾರ ಹೆಚ್ಚಾಗಿ ಸಿಗುತ್ತಿತ್ತು.

ನಿಮ್ಮ ಮಗಳ ಪ್ರತಾಪ ಕೇಳಿ. ಸೋಮವಾರ ನಡುಮನೆಯಲ್ಲಿ ಇಟ್ಟಿದ್ದ ನೀರಿನ ಕೊಡವನ್ನು ಒದ್ದು ಉರುಳಿಸಿದಳು. ಬುಧವಾರ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಬಾಗಿಲೇನು ಹೊಸದಾಗಿ ಬಂದು ನಿಂತಿದೆಯೇ? "ಎಲ್ಲಿ ನೋಡ್ಕೊಂಡು ನಡೀತೀಯೇ?" ಎಂದರೆ "ಎದುರಿಗೇ ನೋಡ್ತಿದ್ದೆ ಅಮ್ಮ" ಎನ್ನುತ್ತಾಳೆ. ಅವಳ ಮೇಡಂ ಹೇಳಿಕಳಿಸಿದ್ದರು, ಬೋರ್ಡಿನ ಮೇಲಿನದನ್ನು ಅರ್ಧಂಬರ್ಧ ಬರೆದುಕೊಳ್ಳುತ್ತಾಳಂತೆ. ಬೆಳಿಗ್ಗೆ ಎದ್ದರೆ ತಲೆನೋವು, ವಾರದಲ್ಲಿ ಎರಡು ದಿನ ವಾಂತಿ. ಹತ್ತು ಗಂಟೆಯಾದರೆ ಎಲ್ಲವೂ ಮಾಯ. ಸ್ಕೂಲಿಗೆ ಚಕ್ಕರ್ ಹಾಕುವ ಆಟ ಎಂದು ನನಗೆ ಅನುಮಾನ. ನೀರು ಮಾತ್ರ ಚೊಂಬುಗಟ್ಟಲೆ ಕುಡಿಯುತ್ತಾಳೆ, ಕುಡಿದಷ್ಟೂ ಬಾಯಾರಿಕೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಎರಡು ವರ್ಷದ ಹಿಂದೆ ಯುಗಾದಿಗೆ ಹೊಲಿಸಿದ ಹಸಿರು ಲಂಗ ಇನ್ನೂ ಅವಳಿಗೆ ಸರಿಯಾಗಿದೆ. ಈ ವರ್ಷ ಬಟ್ಟೆ ಉಳಿಯಿತು. ನಿಮ್ಮ ಅಮ್ಮನ ಹೆಸರು ಇಟ್ಟಿದ್ದಕ್ಕೆ ಅವರ ಹಾಗೆಯೇ ಕುಳ್ಳಗೆ ಉಳಿಯುತ್ತಾಳೋ ಏನೋ ನಮ್ಮ ಪುಟ್ಟಲಕ್ಷ್ಮಿ.

ಮೇಡಂ ಮಾತಿಗೆ ಹೆದರಿ ಅವಳನ್ನು ರೈಲ್ವೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲಿನ ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ, ಏಳಕ್ಕೆ ಏಳು ಸಾಲನ್ನೂ, ಗಡಗಡನೆ ಓದಿಬಿಟ್ಟಳು. ಡಾಕ್ಟರು ಬೆನ್ನು ತಟ್ಟಿ, "ಡ್ರೈವರ್ ಮಗಳಲ್ವೇನ್ರೀ, ಹದ್ದಿನ ಕಣ್ಣು" ಎಂದು ನಗುತ್ತಾ ಏಳು ಸಾಲೂ ಸರಿ ಎಂದು ಚೀಟಿ ಬರೆದುಕೊಟ್ಟರು. ನನಗೆ ಎಲ್ಲಿತ್ತೋ ಸಿಟ್ಟು. ಕಣ್ಣು ಇಷ್ಟು ಚೆನ್ನಾಗಿದ್ದೂ ನಾಟಕ ಆಡುತ್ತಾಳಲ್ಲ ಎಂದು ದಾರಿಯಲ್ಲೇ ಒಂದು ಏಟು ಕೊಟ್ಟೆ. ಅಳಲಿಲ್ಲ. ಸುಮ್ಮನೆ ನನ್ನ ಸೆರಗು ಹಿಡಿದುಕೊಂಡು ಮನೆಗೆ ಬಂದಳು.

ಮುಂದಿನ ತಿಂಗಳಾದರೂ ರಜೆ ಕೇಳಿ.

ನಿಮ್ಮ
ಪಂಕಜಾ


ಅರಸೀಕೆರೆ
14-7-1978

ಪಂಕಜಾ,

ಮಗುವಿಗೆ ಇನ್ನು ಮೇಲೆ ಹೊಡೆಯಬೇಡ. ಬೈಯಲೂ ಬೇಡ.

ನಾನು ಹೇಳಿದಂತೆ ಮಾಡು. ಟ್ರಂಕಿನಲ್ಲಿ ನನ್ನ ಹಳೆಯ ಹಸಿರು ಬಾವುಟ ಇದೆ. ಪುಟ್ಟಿಯನ್ನು ನಿನ್ನ ಎದುರಿಗೆ ಕೂರಿಸಿಕೊಂಡು ನಿನ್ನ ಮೂಗನ್ನೇ ನೋಡು ಎನ್ನು. ಕಣ್ಣು ಆಡಿಸಕೂಡದು. ಇನ್ನೊಬ್ಬರು ಅವಳ ಕಿವಿಯ ಹಿಂದಿನಿಂದ ಬಾವುಟವನ್ನು ನಿಧಾನವಾಗಿ ಮುಂದಕ್ಕೆ ತರಲಿ. ಹಸಿರು ಕಂಡ ಕೂಡಲೇ ಅವಳು "ಹ್ಞಾಂ" ಎನ್ನಬೇಕು. ಎರಡೂ ಕಡೆ ಮಾಡಿ ನೋಡು. ಸರಿಯಿರುವ ಕಣ್ಣಿಗೆ ಕಿವಿ ದಾಟುತ್ತಿದ್ದ ಹಾಗೆ ಕಾಣುತ್ತದೆ. ನಮ್ಮ ಶೆಡ್ಡಿನಲ್ಲಿ ಬೋಗಿ ಜೋಡಿಸುವ ಶಂಟಿಂಗ್‌ನವನೊಬ್ಬನಿಗೆ ಪಕ್ಕದಿಂದ ಬಂದ ವ್ಯಾಗನ್ ಕಾಣದೆ ಕಾಲು ಹೋಯಿತು. ಅವನೂ ಚಾರ್ಟು ಚೆನ್ನಾಗಿಯೇ ಓದುತ್ತಿದ್ದ. ಅದಕ್ಕೇ ಹೇಳುತ್ತಿದ್ದೇನೆ.

ಡಾಕ್ಟರ ಆ ಚೀಟಿಯನ್ನು ನಂಬಿ ಕೂರಬೇಡ. ಏನಾಯಿತೆಂದು ಕೂಡಲೇ ಬರೆ.

ಶೇಷಗಿರಿ


ಯಶವಂತಪುರ
18-7-1978

ಪುಟ್ಟಿಯ ಅಪ್ಪನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ.

ನಿನ್ನೆ ಸಂಜೆ ಬಾವುಟ ತೆಗೆದೆ. ಮನೆಯ ಯಜಮಾನಿ ಲಕ್ಷ್ಮಿದೇವಮ್ಮನವರನ್ನು ಕರೆದು ಪುಟ್ಟಿಯ ಹಿಂದೆ ನಿಲ್ಲಿಸಿಕೊಂಡೆ. ಅವರಿಗೆ ಇದು ಯಾವುದೋ ರೈಲ್ವೆ ಆಟ ಅನ್ನಿಸಿತ್ತು, ನಗುತ್ತಲೇ ನಿಂತರು. ಪುಟ್ಟಿ ನನ್ನ ಮೂಗನ್ನೇ ನೋಡುತ್ತಾ ಕೂತಳು. ಬಾವುಟ ಕಿವಿ ದಾಟಿತು. ಪುಟ್ಟಿ ಸುಮ್ಮನಿದ್ದಳು. ಕೆನ್ನೆಗೆ ಬಂತು, ಆಗಲೂ ಇಲ್ಲ. ಲಕ್ಷ್ಮಿದೇವಮ್ಮನವರ ನಗು ನಿಂತುಹೋಯಿತು. "ಇಂಗ್ಯಾಕಮ್ಮ ಮಗಾ, ಇಷ್ಟ್ ಅತ್ರ ತಂದ್ರೂ ಕಾಣಾಕಿಲ್ವಾ?" ಎಂದರು. ಬಾವುಟ ಮೂಗಿನ ಹತ್ತಿರ ಬಂದ ಮೇಲೆ ಪುಟ್ಟಿ "ಹ್ಞಾಂ" ಎಂದಳು. ಇನ್ನೊಂದು ಕಡೆಯೂ ಅಷ್ಟೇ. ನಾನು ಅವಳ ಜಾಗದಲ್ಲಿ ಕೂತು ನೋಡಿದೆ. ನನಗೆ ಕಿವಿಯ ಪಕ್ಕದಲ್ಲೇ ಕಾಣುತ್ತದೆ.

ಮಗುವಿಗೆ ಎರಡೂ ಪಕ್ಕ ಕಾಣುವುದಿಲ್ಲ. ಅದಕ್ಕೇ ಬಾಗಿಲಿಗೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೇ ಕೊಡವನ್ನು ಎಡವಿತು. ನಾನು ಕಣ್ಣಿದ್ದೂ ಕುರುಡಿಯ ಹಾಗೆ ಅದಕ್ಕೆ ಹೊಡೆದೆ. ಎಂದಿನಿಂದ ಹೀಗೆ ಎಂದು ಕೇಳಿದರೆ ತುಟಿ ಬಿಗಿದುಕೊಂಡು ಕೂತಿದ್ದಾಳೆ, ಬಾಯಿಯೇ ಬಿಡುವುದಿಲ್ಲ. ನನಗೆ ಬಹಳ ಭಯವಾಗುತ್ತಿದೆ. ರಜೆ ಹಾಕಿ ಬನ್ನಿ. ದಯವಿಟ್ಟು ಬನ್ನಿ.

ಪಂಕಜಾ


ಯಶವಂತಪುರ
19-7-1978

ಪ್ರೀತಿಯ ಅಪ್ಪನಿಗೆ ಪುಟ್ಟಲಕ್ಷ್ಮಿಯ ನಮಸ್ಕಾರಗಳು.

ಈ ಕಾಗದ ಅಮ್ಮನಿಗೆ ಗೊತ್ತಿಲ್ಲ. ಲಕ್ಷ್ಮಿದೇವಮ್ಮಜ್ಜಿ ಡಬ್ಬಕ್ಕೆ ಹಾಕುತ್ತಾರೆ.

ಅಪ್ಪ, ನಾನು ಡಾಕ್ಟರ ಹತ್ತಿರ ಒಂದೂ ತಪ್ಪು ಮಾಡಲಿಲ್ಲ. ನಾವಿಬ್ಬರೂ ತರಕಾರಿ ಅಂಗಡಿಗೆ ಹೋಗುವಾಗ ಹೇಳಿಕೊಳ್ಳುತ್ತಿದ್ದೆವಲ್ಲ, ಹಾಗೇ ಏಳು ಸಾಲೂ ಹೇಳಿದೆ. ಅದೇ ಚಾರ್ಟು ಅಲ್ಲೇ ಇತ್ತು. ಮೇಲಿನ ಎರಡು ಸಾಲು ಮಾತ್ರ ನಿಜವಾಗಿ ಕಾಣಿಸಿತು. ಡಾಕ್ಟರಿಗೆ ಗೊತ್ತಾಗಲಿಲ್ಲ. ಅಮ್ಮನಿಗೂ ಗೊತ್ತಾಗಲಿಲ್ಲ.

ನನಗೆ ಸುಮಾರು ದಿನದಿಂದ ಕಾಣುವುದಿಲ್ಲ ಅಪ್ಪ. ನೀನು ಇಲ್ಲಿದ್ದಾಗಲೇ ಸ್ವಲ್ಪ ಸ್ವಲ್ಪ ಕಾಣುತ್ತಿರಲಿಲ್ಲ. ಕಣ್ಣಿನ ವಿಷಯ ರೈಲ್ವೆ ಡಾಕ್ಟರಿಗೆ ಗೊತ್ತಾದರೆ ನಿನ್ನನ್ನು ಇಂಜಿನ್ನಿನಿಂದ ಇಳಿಸಿಬಿಡುತ್ತಾರೆ ಎಂದು ನೀನೇ ಹೇಳಿದ್ದೆ. ಮಗಳ ಕಣ್ಣು ಹೀಗೆ ಎಂದು ಗೊತ್ತಾದರೆ ಅಪ್ಪನ ಕಣ್ಣನ್ನೂ ಇನ್ನೊಂದು ಸಲ ನೋಡುತ್ತಾರೆ. ಅದಕ್ಕೇ ಹೇಳಲಿಲ್ಲ. ಅಮ್ಮ ಹೊಡೆದಾಗಲೂ ಹೇಳಲಿಲ್ಲ. ಆದರೆ ಬಾವುಟದ ಆಟದಲ್ಲಿ ಸಿಕ್ಕಿಬಿದ್ದೆ. ಅದನ್ನು ನೀನು ನನಗೆ ಕಲಿಸಿರಲಿಲ್ಲ.

ನಿನಗೆ ಕೋಪ ಬಂತಾ?

ಇಂತಿ ನಿನ್ನ ಮಗಳು
ಪುಟ್ಟಲಕ್ಷ್ಮಿ
ನಾಲ್ಕನೇ ಕ್ಲಾಸು, ಬಿ ಸೆಕ್ಷನ್


ಅರಸೀಕೆರೆ
24-7-1978

ಪಂಕಜಾ,

ರಜೆ ಸಿಗಲಿಲ್ಲ. ಗಾಡಿಗಳು ಹೆಚ್ಚು, ಜನ ಕಮ್ಮಿ.

ನೀನು ಕಾಯಬೇಡ. ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ತಲೆಯ ನರಗಳ ವಿಷಯ ತಿಳಿದವರು ಅಲ್ಲಿದ್ದಾರೆಂದು ಇಲ್ಲಿಯ ಕಾಂಪೌಂಡರು ಹೇಳಿದರು. ಜೊತೆಗೆ ಯಾರನ್ನಾದರೂ ಕರೆದುಕೋ.

ಪುಟ್ಟಿಗೆ ಹೇಳು, ಅಪ್ಪನಿಗೆ ಕೋಪ ಬಂದಿಲ್ಲ ಎಂದು. ಇಷ್ಟು ಹೇಳಿದರೆ ಅವಳಿಗೆ ತಿಳಿಯುತ್ತದೆ.

ಶೇಷಗಿರಿ


ಯಶವಂತಪುರ
19-8-1978, ಶನಿವಾರ

ಪುಟ್ಟಿಯ ಅಪ್ಪನಿಗೆ,

ಇದನ್ನು ಅಂಚೆಗೆ ಹಾಕಿದರೆ ತಡವಾಗುತ್ತದೆ. ಅರಸೀಕೆರೆ ಪ್ಯಾಸೆಂಜರಿನ ಗಾರ್ಡ್ ತ್ರಿವಿಕ್ರಮರಾಯರ ಕೈಗೆ ಕೊಡುತ್ತಿದ್ದೇನೆ. ಉತ್ತರವನ್ನು ನಾಳೆಯೇ ಅವರ ಕೈಯಲ್ಲಿ ಕಳಿಸಬೇಕು. ಸೋಮವಾರ ಬೆಳಿಗ್ಗೆ ನಾನು ಡಾಕ್ಟರಿಗೆ ಹೇಳಲೇಬೇಕು.

ಈ ಮೂರು ವಾರ ನಿಮಗೆ ಸರಿಯಾಗಿ ಬರೆಯಲಿಲ್ಲ. ಏನೆಂದು ಬರೆಯಲಿ? ಹೊಸೂರು ರಸ್ತೆಗೆ ಎಂದ ಕೂಡಲೇ ಲಕ್ಷ್ಮಿದೇವಮ್ಮನವರು, "ಅಲ್ಲಿಗ್ಯಾಕಮ್ಮ ಮಗೀನ ಕರ್ಕಂಡ್ ಓಗ್ತೀಯ, ತಲೆ ಕೆಟ್ಟೋರು ಇರೋ ಜಾಗ ಅದು" ಎಂದರು. ಆಮೇಲೆ ಅವರೇ ಸೀರೆ ಬದಲಾಯಿಸಿಕೊಂಡು ನಮ್ಮ ಜೊತೆ ಬಸ್ಸು ಹತ್ತಿದರು. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಪುಟ್ಟಿಗೆ ದಾರಿಯುದ್ದಕ್ಕೂ ವಾಂತಿ.

ಅಲ್ಲಿ ಡಾಕ್ಟರ್ ಖುರ್ಷೀದ್ ಎಂಬ ಹೆಂಗಸು ನೋಡಿದರು. ಕಪ್ಪು ಪರದೆಯ ಮುಂದೆ ಕೂರಿಸಿ ಒಂದು ಬಿಳಿ ಗುಂಡಿಯನ್ನು ಸುತ್ತ ಆಡಿಸಿ, ನಿಮ್ಮ ಬಾವುಟದ ಹಾಗೆಯೇ, ಕಾಗದದ ಮೇಲೆ ಗುರುತು ಹಾಕಿಕೊಂಡರು. ಬಾವುಟದ ವಿಷಯ ಹೇಳಿದಾಗ, "ನಿಮ್ಮ ಯಜಮಾನ್ರು ಒಳ್ಳೆ ಕೆಲಸ ಮಾಡಿದ್ರು ಕಣ್ರೀ" ಎಂದರು. ಆಮೇಲೆ ತಲೆಯ ಎಕ್ಸ್‌ರೇ. ಆಮೇಲೆ ಬೆನ್ನಿನಿಂದ ಗಾಳಿ ಬಿಟ್ಟು ಇನ್ನೊಂದು ಎಕ್ಸ್‌ರೇ. ಅದಾದ ಮೇಲೆ ಎರಡು ದಿನ ಮಗು ತಲೆ ಹಿಡಿದುಕೊಂಡು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಿದುಳಿನ ಅಡಿಯಲ್ಲಿ, ಎರಡು ಕಣ್ಣಿನ ನರಗಳೂ ಬಂದು ಕೂಡುವ ಜಾಗದಲ್ಲಿ, ಒಂದು ಗಡ್ಡೆ ಇದೆಯಂತೆ. ನಿಂಬೆಹಣ್ಣಿನಷ್ಟು. ಒಳಗೆ ನೀರು, ಸುತ್ತ ಸುಣ್ಣ ಕಟ್ಟಿದೆ. ಎಕ್ಸ್‌ರೇಯಲ್ಲಿ ಆ ಸುಣ್ಣ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ, ನನಗೂ ತೋರಿಸಿದರು. ನಾವು ಬೆಳೆಯುವುದಕ್ಕೆ, ಮೈಯಲ್ಲಿ ನೀರು ನಿಲ್ಲುವುದಕ್ಕೆ ಕಾರಣವಾದ ಒಂದು ಚಿಕ್ಕ ಗ್ರಂಥಿಯೂ ಅಲ್ಲೇ ಇದೆ. ಗಡ್ಡೆ ಅದನ್ನೂ ಅಮುಕಿದೆ. ಅದಕ್ಕೇ ಬಾಯಾರಿಕೆ, ಅದಕ್ಕೇ ಮಗು ಬೆಳೆಯಲಿಲ್ಲ. ಹಳೆಯ ಲಂಗ ಸರಿಯಾಗಿದೆ, ಬಟ್ಟೆ ಉಳಿಯಿತು ಎಂದು ನಿಮಗೆ ಬರೆದಿದ್ದೆನಲ್ಲ. ಆ ಲಂಗವನ್ನು ಈಗ ಟ್ರಂಕಿನ ತಳಕ್ಕೆ ತುರುಕಿಟ್ಟಿದ್ದೇನೆ.

ಕ್ಯಾನ್ಸರ್ ಅಲ್ಲವಂತೆ. ಬೇರೆ ಕಡೆ ಹರಡುವುದಿಲ್ಲವಂತೆ. ಹುಟ್ಟುವ ಮೊದಲೇ ಅಲ್ಲಿ ಉಳಿದುಹೋದದ್ದು, ನೀವು ಉಂಡದ್ದರಿಂದಲೋ ಮಾಡಿದ್ದರಿಂದಲೋ ಬಂದದ್ದಲ್ಲ, ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ ಎಂದರು. "ಇದು ಕೆಟ್ಟ ಗಡ್ಡೆ ಅಲ್ಲಮ್ಮ" ಎಂದು ಮೂರು ಸಲ ಹೇಳಿದರು. ಮಗುವಿನ ಕಣ್ಣು ತೆಗೆಯುತ್ತಿದೆ, ಮೈ ಬೆಳೆಯಗೊಡುತ್ತಿಲ್ಲ, ಹೀಗೇ ಬಿಟ್ಟರೆ ಜೀವಕ್ಕೂ ಅಪಾಯ ಎನ್ನುತ್ತಾರೆ. ಇನ್ನು ಕೆಟ್ಟದ್ದು ಎಂದರೆ ಏನು ಎಂದು ನಾನು ಕೇಳಿಯೇಬಿಟ್ಟೆ. ಡಾಕ್ಟರು ನನ್ನ ಕೈ ಹಿಡಿದುಕೊಂಡರು. ತಲೆ ತೆರೆದು ತೆಗೆಯಬೇಕು.

ಈಗ ಮುಖ್ಯ ವಿಷಯ. ರೈಲ್ವೆ ಡಾಕ್ಟರ ಚೀಟಿಯನ್ನು ನಾನು ಅವರಿಗೆ ಕೊಟ್ಟಿದ್ದೆ. ಜುಲೈ ಮೊದಲ ವಾರದಲ್ಲಿ ಏಳು ಸಾಲೂ ಓದಿದ್ದಾಳೆ, ಈಗ ಎರಡು ಸಾಲು ಕೂಡ ಕಷ್ಟ. ಆರೇ ವಾರದಲ್ಲಿ ಇಷ್ಟು ಇಳಿದಿದ್ದರೆ ಗಡ್ಡೆಯ ಒಳಗೆ ರಕ್ತನಾಳ ಒಡೆದಿರಬಹುದು, ಸೋಮವಾರವೇ ತಲೆ ತೆರೆಯಬೇಕು, ಈ ಸ್ಥಿತಿಯಲ್ಲಿ ಮಗು ತಡೆದುಕೊಳ್ಳುತ್ತದೆಂದು ಹೇಳಲಾರೆವು ಎನ್ನುತ್ತಾರೆ. ಹಾಗಲ್ಲದೆ ಕಣ್ಣು ತಿಂಗಳುಗಟ್ಟಲೆ ನಿಧಾನವಾಗಿ ಇಳಿದಿದ್ದರೆ, ಮೊದಲು ಮೂರು ವಾರ ಮಾತ್ರೆ ಕೊಟ್ಟು ಮೈ ಗಟ್ಟಿ ಮಾಡಿಕೊಂಡು ಆಮೇಲೆ ಆಪರೇಷನ್ ಮಾಡುವುದು ಕ್ಷೇಮ. ಯಾವುದು ನಿಜ ಎಂದು ಅವರಿಗೆ ಗೊತ್ತಾಗಬೇಕು.

ಪುಟ್ಟಿಯನ್ನು ಕೇಳಿದೆ, ಬೇಡಿಕೊಂಡೆ. ಅತ್ತಳು. ಕೊನೆಗೆ ಹೇಳಿದ್ದು ಒಂದೇ ಮಾತು: "ಅಪ್ಪನ್ನ ಕೇಳು."

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮಿಬ್ಬರ ನಡುವೆ ನನಗೆ ಗೊತ್ತಿಲ್ಲದ್ದು ಏನಿದೆ? ನೀವು ಯಾಕೆ ಬರುತ್ತಿಲ್ಲ?

ಪಂಕಜಾ


ಅರಸೀಕೆರೆ
20-8-1978, ಭಾನುವಾರ

ಪಂಕಜಾ,

ಮೊದಲು ಇದರ ಜೊತೆಗಿರುವ ಇನ್ನೊಂದು ಕಾಗದವನ್ನು ಡಾಕ್ಟರ್ ಖುರ್ಷೀದರ ಕೈಗೆ ಕೊಡು. ಆಮೇಲೆ ಇದನ್ನು ಓದು. ಆ ಚೀಟಿ ಸುಳ್ಳು. ಮಗುವಿಗೆ ಚಾರ್ಟು ಬಾಯಿಪಾಠ. ಕಲಿಸಿದವನು ನಾನು.

ಎರಡು ವರ್ಷದಿಂದ ನನ್ನ ಕಣ್ಣು ಮಂಜಾಗುತ್ತಿದೆ. ಹೋದ ಡಿಸೆಂಬರಿನಲ್ಲಿ ನನ್ನ ಕಣ್ಣು ಪರೀಕ್ಷೆ ಇತ್ತಲ್ಲ, ಅದರಲ್ಲಿ ಫೇಲಾದರೆ ಇಂಜಿನ್ನಿನಿಂದ ಇಳಿಸುತ್ತಾರೆಂದು ಹೆದರಿದೆ. ಹದಿನೆಂಟು ವರ್ಷ ಕಲ್ಲಿದ್ದಲು ತಿಂದು ಡ್ರೈವರ್ ಆದವನು ನಾನು, ಇನ್ನೊಂದು ಕೆಲಸ ಗೊತ್ತಿಲ್ಲ. ಪುಟ್ಟಿಗೆ ಕೆಮ್ಮಿನ ಔಷಧಿ ತರಲು ರೈಲ್ವೆ ಡಾಕ್ಟರಲ್ಲಿಗೆ ಹೋದ ದಿನ, ಗೋಡೆಯ ಮೇಲಿನ ಅಕ್ಷರಗಳನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೋ ಎಂದೆ. ಅವಳಿಗೆ ಆಗ ಚೆನ್ನಾಗಿ ಕಾಣುತ್ತಿತ್ತು. ತರಕಾರಿ ತರಲು ಹೋಗುವಾಗೆಲ್ಲ ಇಬ್ಬರೂ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದೆವು. ನನಗಿಂತ ಮೊದಲು ಅವಳಿಗೇ ಬಂತು. ಪರೀಕ್ಷೆಯಲ್ಲಿ ಏಳು ಸಾಲೂ ಹೇಳಿ ಪಾಸಾಗಿ ಬಂದ ಸಂಜೆ ಅವಳಿಗೆ ಜಿಲೇಬಿ ತಂದುಕೊಟ್ಟೆ. ನೀನು ಯಾಕೆ ಎಂದು ಕೇಳಿದ್ದೆ, ಸುಮ್ಮನೆ ಎಂದಿದ್ದೆ.

ಕಣ್ಣಿನ ವಿಷಯ ಯಾರಿಗೂ ಹೇಳಬಾರದು ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ. ನನ್ನ ಕಣ್ಣಿನ ವಿಷಯ ಎಂದು ನನ್ನ ಮನಸ್ಸಿನಲ್ಲಿತ್ತು. ಮಗು ತನ್ನ ಕಣ್ಣಿನ ವಿಷಯವನ್ನೂ ಮುಚ್ಚಿಟ್ಟಿತು. ಹೇಳಿದರೆ ಅಪ್ಪನ ಕೆಲಸ ಹೋಗುತ್ತದೆ ಎಂದುಕೊಂಡಿತು. ಇದನ್ನೆಲ್ಲ ಅವಳೇ ಹೋದ ತಿಂಗಳು ನನಗೆ ಬರೆದಿದ್ದಳು. ನಾನಲ್ಲಿದ್ದಾಗಲೇ, ಅಂದರೆ ಆರು ತಿಂಗಳಿಗೂ ಹಿಂದಿನಿಂದ, ಸ್ವಲ್ಪ ಸ್ವಲ್ಪವಾಗಿ ಕಾಣುವುದು ಕಡಿಮೆಯಾಗುತ್ತಿತ್ತಂತೆ. ಡಾಕ್ಟರಿಗೆ ಇದನ್ನೇ ಬರೆದು ಸಹಿ ಹಾಕಿದ್ದೇನೆ. ಅವಳ ಆ ಕಾಗದ ನಾಲ್ಕು ವಾರ ನನ್ನ ಜೇಬಿನಲ್ಲಿತ್ತು, ಪಂಕಜಾ. ನಾನು ನಿನಗೆ ಹೇಳಲಿಲ್ಲ.

ರಜೆ ಸಿಗಲಿಲ್ಲ ಎಂದದ್ದೂ ಸುಳ್ಳು. ನಾನು ಕೇಳಲೇ ಇಲ್ಲ. ಅಲ್ಲಿಗೆ ಬಂದರೆ ನಿನ್ನ ಎದುರಿಗೆ, ಡಾಕ್ಟರ ಎದುರಿಗೆ ಬಾಯಿ ಬಿಡಬೇಕಾಗುತ್ತದೆ ಎಂದು ಹೇಡಿಯ ಹಾಗೆ ಇಲ್ಲೇ ಕೂತೆ.

ಇನ್ನೊಂದು ಹೇಳಿಬಿಡುತ್ತೇನೆ. ಹೋದ ಮಂಗಳವಾರ ಬೆಳಿಗ್ಗೆ ಬಾಣಾವರದ ಹತ್ತಿರ ಮಂಜು ಇತ್ತು. ಸಿಗ್ನಲ್ಲಿನ ಕೈ ಇಳಿದಿದೆ, ದಾರಿ ಬಿಟ್ಟಿದ್ದಾರೆ ಎಂದುಕೊಂಡು ಗಾಡಿ ಬಿಟ್ಟೆ. ಮುನಿಯಣ್ಣ ಸಲಿಕೆ ಬಿಸಾಡಿ, "ಸ್ವಾಮೀ, ಕೈ ಬಿದ್ದಿಲ್ಲ, ಇಡೀರಿ ಬ್ರೇಕು!" ಎಂದು ಕಿರುಚಿದ. ಗಾಡಿ ನಿಂತಾಗ ಕಂಬ ನಮ್ಮ ಪಕ್ಕದಲ್ಲೇ ಇತ್ತು. ಮುಂದೆ ಪ್ಯಾಸೆಂಜರ್ ನಿಂತಿತ್ತು. ಮುನಿಯಣ್ಣ ಯಾರಿಗೂ ಹೇಳಲಿಲ್ಲ. ಎಷ್ಟೋ ದಿನದಿಂದ ಅವನೇ ನನ್ನ ಕಣ್ಣು.

ನೀನು ಏನು ಬೇಕಾದರೂ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಶೇಷಗಿರಿ


ಯಶವಂತಪುರ
8-9-1978

ನಿಮ್ಮ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಬರೆಯಬೇಡ ಎಂದು ಕೂತಿದ್ದೆ.

ಡಾಕ್ಟರ್ ಖುರ್ಷೀದ್ ನಿಮ್ಮ ಕಾಗದವನ್ನು ಎರಡು ಸಲ ಓದಿದರು. "ಇದು ನಮ್ಮ ಫೈಲಿನಲ್ಲಿ ಇರುತ್ತೆ, ರೈಲ್ವೆಗೆ ನಾವು ಕಳಿಸಲ್ಲ. ಅಲ್ಲಿ ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು" ಎಂದರು. ಆ ಸೋಮವಾರ ತಲೆ ತೆರೆಯಲಿಲ್ಲ. ಮಾತ್ರೆ ಶುರು ಮಾಡಿದರು. ಮುಖ ಸ್ವಲ್ಪ ತುಂಬಿಕೊಂಡಿದೆ, ವಾಂತಿ ಕಡಿಮೆಯಾಗಿದೆ. ಬರುವ ಗುರುವಾರ ಹದಿನಾಲ್ಕನೆಯ ತಾರೀಖು ಆಪರೇಷನ್. ಆರೇಳು ಗಂಟೆ ಆಗಬಹುದಂತೆ. ಜೀವ ಉಳಿಯಬಹುದು, ಕಣ್ಣು ಉಳಿಯದೇ ಇರಬಹುದು. ಕಣ್ಣು ಉಳಿದು ಬೇರೇನಾದರೂ ಆಗಬಹುದು. ಎಲ್ಲದಕ್ಕೂ ಒಪ್ಪಿಗೆ ಎಂದು ಸಹಿ ಹಾಕಿಸಿಕೊಂಡರು. ಹಾಕಿದೆ. ಯಾವುದಕ್ಕೆ ಒಪ್ಪಿದೆನೋ ನನಗೇ ಗೊತ್ತಿಲ್ಲ.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ, ನಿಮ್ಮ ಹಸಿರು ಬಾವುಟವನ್ನು ಒಲೆಗೆ ಹಾಕಲು ತೆಗೆದುಕೊಂಡು ಹೋಗಿದ್ದೆ. ಪುಟ್ಟಿ ಕಿತ್ತುಕೊಂಡಳು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ನೀವು ಸುಳ್ಳು ಕಲಿಸಿದಿರಿ, ನಾನು ಆ ಸುಳ್ಳನ್ನು ನಂಬಿ ಹೊಡೆದೆ. ಅವಳು ಇಬ್ಬರನ್ನೂ ಬಿಟ್ಟುಕೊಡದೆ ಕೂತಳು. ಒಂಬತ್ತು ವರ್ಷದ ಮಗುವಿನ ತಲೆಯಲ್ಲಿ ಗಡ್ಡೆಯ ಜೊತೆಗೆ ಇದನ್ನೂ ತುಂಬಿದೆವು ನಾವು.

ಕೂದಲು ಬುಧವಾರ ತೆಗೆಯುತ್ತಾರೆ. ಎರಡು ಜಡೆ ಹಾಕಿ ಫೋಟೋ ತೆಗೆಸು ಎಂದು ಹಟ ಮಾಡಿದಳು, ತೆಗೆಸಿದೆ. "ಅಪ್ಪಂಗೆ ಒಂದು ಕಳಿಸು" ಎಂದಳು. ಇದರ ಜೊತೆಗಿದೆ.

ಒಂದು ಮಾತು ಕೇಳುತ್ತೇನೆ. ಈಗಲೂ ಇಂಜಿನ್ ಹತ್ತುತ್ತಿದ್ದೀರಾ? ಬಾಣಾವರದಲ್ಲಿ ನಿಂತಿದ್ದ ಆ ಪ್ಯಾಸೆಂಜರಿನಲ್ಲಿ ಮಕ್ಕಳಿರಲಿಲ್ಲವೇ? ಅವರಿಗೂ ಅಮ್ಮಂದಿರು ಇರಲಿಲ್ಲವೇ? ನನ್ನ ಎದೆ ಹೊಡೆದುಕೊಳ್ಳುವುದು ಈಗ ಪುಟ್ಟಿ ಒಬ್ಬಳಿಗಾಗಿ ಅಲ್ಲ. ರೈಲಿನ ಕೂಗು ಕೇಳಿದರೆ ಕೈಯಲ್ಲಿದ್ದದ್ದು ಬೀಳುತ್ತದೆ. ಇಲ್ಲಿ ದಿನಕ್ಕೆ ಎಷ್ಟು ರೈಲು ಕೂಗುತ್ತವೆ ಎಂದು ನಿಮಗೆ ಗೊತ್ತು.

ಬುಧವಾರದೊಳಗೆ ಬನ್ನಿ. ನನಗಾಗಿ ಅಲ್ಲ. ನನಗಾಗಿಯೂ.

ಪಂಕಜಾ


ಮೈಸೂರು, ರೈಲ್ವೆ ಆಸ್ಪತ್ರೆ
29-10-1978

ಪಂಕಜಾ,

ಈ ಕಾಗದವೂ ಹನ್ನೊಂದು ಸಾಲಿಗೆ ಮುಗಿಯುತ್ತದೋ ಏನೋ. ಅಕ್ಷರ ಯಾಕೆ ದಪ್ಪ ಎಂದು ಈಗ ನಿನಗೆ ಗೊತ್ತು.

ಇಲ್ಲಿಯ ವಾರ್ಡಿನಲ್ಲಿ ಕೂತರೆ ಆ ಗುರುವಾರವೇ ಕಣ್ಣೆದುರಿಗೆ ಬರುತ್ತದೆ. ಎಂಟು ಗಂಟೆಗೆ ಪುಟ್ಟಿಯನ್ನು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೂ ಆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತೆವು. ಮೂರೂವರೆಯವರೆಗೆ ನೀನು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬಾಗಿಲು ತೆರೆದ ಸದ್ದಾದಾಗ ಮಾತ್ರ ನನ್ನ ತೋಳು ಹಿಡಿದೆ. ಬಂದವರು ಬೇರೆ ಯಾರನ್ನೋ ಕರೆದರು. ನೀನು ಕೈ ಬಿಡಲಿಲ್ಲ. ನಾನು ಬದುಕಿದ್ದೇನೆ ಎಂದು ಅವತ್ತು ನನಗೆ ಗೊತ್ತಾದದ್ದು ಅಷ್ಟರಿಂದಲೇ.

ಗಡ್ಡೆಯ ಒಂದು ಚೂರು ರಕ್ತನಾಳಕ್ಕೆ ಅಂಟಿಕೊಂಡಿತ್ತು, ಎಳೆದರೆ ಜೀವ ಹೋಗುತ್ತಿತ್ತು, ಬಿಟ್ಟಿದ್ದೇವೆ ಎಂದು ಸರ್ಜನ್ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಆ ಚೂರು ಮತ್ತೆ ಬೆಳೆಯುತ್ತದೋ, ಹಾಗೇ ಇರುತ್ತದೋ, ಯಾರೂ ಹೇಳುವ ಹಾಗಿಲ್ಲ. ಆರು ತಿಂಗಳಿಗೊಮ್ಮೆ ನೋಡುತ್ತಾ ಇರಬೇಕು. ಇನ್ನು ನಾವು ಹೀಗೇ ಹೆದರಿಕೊಂಡೇ ಬದುಕುವುದು ಕಲಿಯಬೇಕು.

ನಿನ್ನೆ ನನ್ನ ಸರದಿ. ಕಣ್ಣು ಮತ್ತೆ ನೋಡಿ ಎಂದು ನಾನೇ ಬರೆದುಕೊಟ್ಟಿದ್ದೆ, ಅಂದಿನಿಂದ ಇಂಜಿನ್ ಹತ್ತಿಲ್ಲ. ದೊಡ್ಡ ಡಾಕ್ಟರು ಕರೆದು ಚಾರ್ಟಿನ ಮುಂದೆ ನಿಲ್ಲಿಸಿದರು. ನೋಡಿದರೆ ಅದೇ ಚಾರ್ಟು. ಮೊದಲ ಅಕ್ಷರ ಕಂಡ ಕೂಡಲೇ ಉಳಿದದ್ದೆಲ್ಲ ನಾಲಿಗೆಯ ಮೇಲೆ ಬಂದು ಕೂತಿತು, ಅವಳ ರಾಗದಲ್ಲಿಯೇ. ನಾನು ಹೇಳಿದೆ, "ಸಾರ್, ಇದು ನನಗೆ ಬಾಯಿಪಾಠ. ಹೋದ ಸಲವೂ ಹೀಗೇ ಪಾಸಾದೆ. ಬೇರೆ ಹಾಕಿ." ಅವರು ಪೆನ್ನು ಕೆಳಗಿಟ್ಟರು. ಬೇರೆ ಚಾರ್ಟು ತರಿಸಿದರು. ನಾಲ್ಕು ಸಾಲು ಓದಿದೆ. ಐದನೆಯದು ಮಂಜು.

ಇಂಜಿನ್ ಮುಗಿಯಿತು. ಸುಳ್ಳು ಹೇಳಿ ಪಾಸಾದದ್ದಕ್ಕೆ ವಿಚಾರಣೆ ಇದೆ. ಆಗಲಿ. ಕೆಲಸದಿಂದ ತೆಗೆಯದಿದ್ದರೆ ಯಶವಂತಪುರದ ಲ್ಯಾಂಪ್ ರೂಮಿಗೆ ಹಾಕಬಹುದು ಎಂದು ಗುಮಾಸ್ತರು ಹೇಳಿದರು. ಸಿಗ್ನಲ್ಲಿನ ದೀಪಗಳ ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ಹಾಕುವ ಕೆಲಸ. ಗಾಡಿಯೊಡನೆ ಇಲ್ಲಿಗೆ ಬಂದಿದ್ದ ಮುನಿಯಣ್ಣನಿಗೆ ಹೇಳಿದಾಗ, "ಅದ್ಯಾಕೆ ಸ್ವಾಮಿ ಅಳ್ತೀರಿ, ನೀವ್ ಒರೆಸಿದ್ ದೀಪ ನೋಡ್ಕಂಡೇ ನಾವ್ ಬರ್ತೀವಲ್ಲ" ಎಂದ. ಅವನಿಗೆ ಹೇಳದೆ ಉಳಿದದ್ದು ನಿನಗೆ ಹೇಳುತ್ತೇನೆ. ನನಗೂ ಹೆದರಿಕೆ, ಪಂಕಜಾ. ಆದರೆ ನಿನ್ನೆ ಮಧ್ಯಾಹ್ನ ಎರಡು ವರ್ಷದಲ್ಲಿ ಮೊದಲ ಸಲ ಊಟ ರುಚಿಸಿತು.

ಪುಟ್ಟಿಗೆ ಈ ನಾಲ್ಕು ಸಾಲಿನ ವಿಷಯ ಓದಿ ಹೇಳು.

ಶೇಷಗಿರಿ


ಯಶವಂತಪುರ
3-11-1978, ಶುಕ್ರವಾರ

ಪ್ರೀತಿಯ ಅಪ್ಪನಿಗೆ ಪುಟ್ಟಿಯ ನಮಸ್ಕಾರಗಳು.

ಈ ಕಾಗದ ಅಮ್ಮನಿಗೆ ಗೊತ್ತು. ಅವಳೇ ಪೆನ್ಸಿಲಿನಲ್ಲಿ ದಪ್ಪ ಗೆರೆ ಹಾಕಿಕೊಟ್ಟಿದ್ದಾಳೆ. ಆದರೂ ಸೊಟ್ಟ ಆಗುತ್ತಿದೆ. ಹನ್ನೊಂದು ಸಾಲಿಗಿಂತ ಜಾಸ್ತಿ ಬರೆಯುತ್ತೇನೆ.

ನೀರು ಈಗ ಅಳೆದು ಕುಡಿಯಬೇಕು. ಅಮ್ಮ ಗೋಡೆಯ ಮೇಲೆ ಗೀಟು ಹಾಕುತ್ತಾಳೆ. ಮಾತ್ರೆ ದಿನಾ ನುಂಗಬೇಕು, ದೊಡ್ಡವಳಾದ ಮೇಲೂ. ಕೂದಲು ಅರ್ಧ ಬೆರಳಿನಷ್ಟು ಬಂದಿದೆ. ಲಕ್ಷ್ಮಿದೇವಮ್ಮಜ್ಜಿ ಕೈ ಆಡಿಸಿ "ರಾಗಿ ಪೈರು ಬಂದಂಗೈತೆ" ಎಂದು ನಗುತ್ತಾರೆ.

ನಿನ್ನೆ ಖುರ್ಷೀದ್ ಡಾಕ್ಟರು ಕಣ್ಣು ನೋಡಿದರು. ಅವರ ರೂಮಿನಲ್ಲೂ ನಮ್ಮ ಚಾರ್ಟೇ ಇತ್ತು ಅಪ್ಪ! ಮೊದಲು ಮಂಜಾಗಿ ಕಂಡಿದ್ದರಿಂದ ಅದೇ ಎಂದು ನನಗೆ ಗೊತ್ತಾಗಿರಲಿಲ್ಲ. ನಾನು ಹೇಳಿಬಿಟ್ಟೆ, "ಆಂಟೀ, ಇದು ನನಗೆ ಬಾಯಿಪಾಠ, ಬೇರೆ ಹಾಕಿ" ಅಂತ. ಅಮ್ಮ ಅಳುವುದಕ್ಕೆ ಶುರು ಮಾಡಿದಳು. ಯಾಕೋ ಗೊತ್ತಿಲ್ಲ, ನಾನು ಸರಿಯಾಗೇ ಹೇಳಿದ್ದೆ. ಆಂಟಿ ಅಕ್ಷರದ ಬದಲು ಮೂರು ಬೆರಳು ಚಾಚಿದ ಹಾಗೆ ಗುರುತು ಇರುವ ಬೇರೆ ಚಾರ್ಟು ಹಾಕಿದರು. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ. ಬಲಗಣ್ಣಲ್ಲಿ ಮೂರು ಸಾಲು ಹೇಳಿದೆ. ನಿಜವಾದ ಮೂರು ಸಾಲು. ನೀನು ನಾಲ್ಕು. ನನಗಿಂತ ಒಂದೇ ಒಂದು ಸಾಲು ಜಾಸ್ತಿ.

ಸೋಮವಾರ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಒಳಗೆ ಬಿಟ್ಟಿರುವ ಚೂರು ಹಾಗೇ ಇದೆಯಾ, ಬೆಳೆದಿದೆಯಾ ನೋಡುತ್ತಾರಂತೆ. ಅಮ್ಮ ಏನೂ ಆಗಲ್ಲ ಎನ್ನುತ್ತಾಳೆ, ಆದರೆ ಎರಡು ದಿನದಿಂದ ಸಾರಿಗೆ ಉಪ್ಪು ಹಾಕುವುದು ಮರೆಯುತ್ತಿದ್ದಾಳೆ. ನನಗೂ ಹೆದರಿಕೆ ಆಗುತ್ತಿದೆ ಅಪ್ಪ. ಹೇಳಬಾರದು ಎಂದು ಸುಮ್ಮನಿದ್ದೆ, ಅಮ್ಮನೇ ಬರಿ ಎಂದಳು.

ಇದನ್ನು ಅಮ್ಮ ಗಾರ್ಡ್ ಮಾಮನ ಕೈಯಲ್ಲಿ ಇವತ್ತೇ ಕಳಿಸುತ್ತಾಳೆ, ನೀನು ಭಾನುವಾರದ ಗಾಡಿಗೆ ಬಾ. ಸೋಮವಾರ ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲಿ ನಿಂತುಕೋಬೇಡ. ಎದುರಿಗೇ ನಿಂತುಕೋ. ಪಕ್ಕದಲ್ಲಿ ನಿಂತರೆ ನೀನು ನನಗೆ ಕಾಣಲ್ಲ.

ನಿನ್ನ
ಪುಟ್ಟಲಕ್ಷ್ಮಿ